ಅರ್ಧ ಮಾತಿನ ಮರ್ಯಾದೆ

ಮುಂಬೈಗೂ ಜಪಾನಿಗೂ ಇರುವ ನಂಟು ಹತ್ತಿಯಿಂದ ಗಟ್ಟಿಯಾದದ್ದು. 1893ರಲ್ಲಿ ಜಮ್ಷೆಡ್‌ಜಿ ಟಾಟಾ ಅವರ ಸಹಕಾರದಿಂದ ನಿಪ್ಪಾನ್ ಯೂಸೆನ್ ಕೈಶಾ ಎಂಬ ಜಪಾನಿ ಕಂಪನಿ ಮುಂಬೈ ಮತ್ತು ಕೋಬೆ ಬಂದರುಗಳ ನಡುವೆ ಹಡಗು ಓಡಿಸಲು ಶುರುಮಾಡಿತು. ಮರುವರ್ಷವೇ ಯೊಕೊಹಾಮಾ ಸ್ಪೀಸಿ ಬ್ಯಾಂಕ್ ಮುಂಬೈಯಲ್ಲಿ ಶಾಖೆ ತೆರೆಯಿತು. ಹಡಗಿನ ಹಿಂದೆ ಬ್ಯಾಂಕು, ಬ್ಯಾಂಕಿನ ಹಿಂದೆ ಗುಮಾಸ್ತರು, ಅವರ ಹಿಂದೆ ಅವರ ಮನೆಮಾತು. ಪರವೂರಿಗೆ ಭಾಷೆ ಹೋಗುವುದೇ ಹೀಗೆ.

ನಾನೂ ಬ್ಯಾಂಕಿನ ಹಿಂದೆ ಊರು ಬಿಟ್ಟವನೇ. ಸಾಗರದ ಕಡೆಯ ಹಳ್ಳಿಯಿಂದ ಎಂ.ಕಾಂ. ಮುಗಿಸಿ ಮುಂಬೈ ಸೇರಿದೆ. ನಿವೃತ್ತಿಯಾದ ಮೇಲೆ ಪುಣೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಜಪಾನಿನ ಓಕಾಯಾಮಾ ಊರಿನ ತೋಟದ ಮಾದರಿಯಲ್ಲೇ ಮಾಡಿದ ಒಂದು ಉದ್ಯಾನ ಇಲ್ಲಿ ಸಿಂಹಗಡ ರಸ್ತೆಯಲ್ಲಿದೆ. ಜಪಾನಿ ಕಲಿಯುವವರೂ ಪುಣೆಯಲ್ಲಿ ಬಹಳ. ಕಂಪನಿ ಕೆಲಸಕ್ಕೆ ಬೇಕೆಂದು ಮಗಳೂ ಕಲಿತಳು. ಅವಳ ಪುಸ್ತಕಗಳನ್ನು ತಿರುವಿಹಾಕುತ್ತಾ ನನಗೂ ಆ ಹುಚ್ಚು ಹತ್ತಿತು. ಲಿಪಿಯ ತಂಟೆಗೆ ಹೋಗಲಿಲ್ಲ. ಅವರು ದಿನಾ ಆಡುವ ಮರ್ಯಾದೆಯ ಮಾತುಗಳು ಎಲ್ಲಿಂದ ಬಂದವು ಅನ್ನುವುದನ್ನಷ್ಟೇ ಹುಡುಕಿದೆ.

ಹುಡುಕಿದಾಗ ಕಂಡದ್ದು, ಆ ಮಾತುಗಳಲ್ಲಿ ಬಹುಪಾಲು ಅರ್ಧ ಮಾತುಗಳು. ಮಧ್ಯಾಹ್ನ ಎದುರಾದವರಿಗೆ 'ಕೊನ್ನಿಚಿವಾ' ಅನ್ನುತ್ತಾರೆ. ಅದರ ಅರ್ಥ 'ಇವತ್ತು...' ಅಂತ, ಅಷ್ಟೇ. 'ಇವತ್ತು ತಾವು ಹೇಗಿದ್ದೀರಿ' ಅನ್ನುವ ಹಳೆಯ ವಾಕ್ಯದ ಬಾಲ ಉದುರಿ ತಲೆ ಮಾತ್ರ ಉಳಿದಿದೆ. 1966ರ 'ಲವ್ ಇನ್ ಟೋಕಿಯೊ' ಸಿನಿಮಾದಿಂದ ನಮಗೆಲ್ಲ ಗೊತ್ತಿರುವ 'ಸಯೋನಾರಾ' ಅಂದರೆ 'ಹಾಗಾದ್ರೆ...' ಅಂತ. ನಾವು ನೆಂಟರ ಮನೆಯಲ್ಲಿ ಏಳುವಾಗ 'ಹಾಗಾದ್ರೆ...' ಅಂತ ಎಳೆದು ಸುಮ್ಮನಾಗುವುದಿಲ್ಲವೇ? ಅದೇ. ಓಸಾಕಾ ಕಡೆಯವರ 'ಓಕಿನಿ' ಇನ್ನೂ ಸ್ವಾರಸ್ಯ. ಅದು 'ತುಂಬಾ ಉಪಕಾರವಾಯ್ತು' ಅನ್ನುವುದರಲ್ಲಿ 'ತುಂಬಾ' ಮಾತ್ರ! ಉಳಿದರ್ಧವನ್ನು ಕೇಳುವವರು ತುಂಬಿಕೊಳ್ಳಬೇಕು. ಓಸಾಕಾ ವ್ಯಾಪಾರಿಗಳ ಊರು. 'ಮೋಕಾರಿಮಾಕ್ಕಾ', ಅಂದರೆ 'ಲಾಭ ಆಗ್ತಿದೆಯಾ' ಅನ್ನುವುದೇ ಅಲ್ಲಿಯ ಹಳೆಯ ಕುಶಲಪ್ರಶ್ನೆ. 'ಬೊಚಿ ಬೊಚಿ', ಹೀಗೇ ಏನೋ ನಡೀತಿದೆ ಅಂತ ಉತ್ತರ. ನಮ್ಮ ಸಾಲಗಾರರೂ ಬ್ಯಾಂಕಿಗೆ ಬಂದಾಗ ಇದನ್ನೇ ಹೇಳುತ್ತಿದ್ದರು.

'ಅರಿಗತೋ' ಪೋರ್ಚುಗೀಸರ 'ಒಬ್ರಿಗಾದೋ'ದಿಂದ ಬಂತು ಅಂತ ಹಲವರು ನಂಬಿದ್ದಾರೆ. ತಾರೀಕು ನೋಡಿದರೆ ಸಾಕು, ಆ ಮಾತು ನಿಲ್ಲುವುದಿಲ್ಲ. ಪೋರ್ಚುಗೀಸರು ಜಪಾನಿನ ದಡ ಮುಟ್ಟಿದ್ದು 1543ರಲ್ಲಿ. ಅದಕ್ಕೂ ಐದು ಶತಮಾನ ಮೊದಲೇ, ಸುಮಾರು ಕ್ರಿ.ಶ. 1000ದ ಹೊತ್ತಿಗೆ, ಸೇಯ್ ಶೋನಾಗೋನ್ ಎಂಬ ಅರಮನೆಯ ಹೆಂಗಸು ತನ್ನ ಬರಹದಲ್ಲಿ ಈ ಪದವನ್ನು ಬಳಸಿದ್ದಾಳೆ. ಆಗ ಅದರ ಅರ್ಥ 'ಇರುವುದೇ ಕಷ್ಟ', ಅಂದರೆ ಅಪರೂಪ. ಅಪರೂಪದ ಸಂಗತಿಗಳ ಪಟ್ಟಿಯಲ್ಲಿ ಅವಳು ಮಾವ ಹೊಗಳುವ ಅಳಿಯನನ್ನೂ, ಅತ್ತೆಗೆ ಅಚ್ಚುಮೆಚ್ಚಾದ ಸೊಸೆಯನ್ನೂ ಸೇರಿಸಿದ್ದಾಳೆ. ಸಾವಿರ ವರ್ಷವಾದರೂ ಪಟ್ಟಿ ತಿದ್ದುವ ಅಗತ್ಯ ಬಿದ್ದಿಲ್ಲ ನೋಡಿ.

ಬ್ಯಾಂಕಿನವನಾದ ನನಗೆ ಹೆಚ್ಚು ಹಿಡಿಸಿದ್ದು 'ಸುಮಿಮಾಸೆನ್'. ಕಾಲು ತುಳಿದರೂ ಅದೇ, ಕುರ್ಚಿ ಬಿಟ್ಟುಕೊಟ್ಟರೂ ಅದೇ. ಕ್ಷಮಿಸಿ ಅಂತಲೂ ಹೌದು, ಉಪಕಾರವಾಯ್ತು ಅಂತಲೂ ಹೌದು. 'ಸುಮು' ಅಂದರೆ ಮುಗಿಯುವುದು, ಚುಕ್ತಾ ಆಗುವುದು. 'ಸುಮಿಮಾಸೆನ್' ಅಂದರೆ 'ಇದು ಚುಕ್ತಾ ಆಗಲಿಲ್ಲ'. ಅಂದರೆ ಬಾಕಿ ಇದೆ! ಜಪಾನಿಗೆ ಒಮ್ಮೆಯೂ ಹೋಗದೆ ಅವರ ಬಗ್ಗೆ 1946ರಲ್ಲಿ ಪುಸ್ತಕ ಬರೆದ ಅಮೆರಿಕದ ರೂತ್ ಬೆನೆಡಿಕ್ಟ್ ಈ ಮಾತಿನ ಸಾಲದ ಲೆಕ್ಕವನ್ನು ಸರಿಯಾಗಿ ಗುರುತಿಸಿದ್ದರು. ನಮ್ಮಲ್ಲಿ 'ಧನ್ಯವಾದ' ವೇದಿಕೆಯ ಮಾತಾಯ್ತು. ಆದರೆ 'ನಿಮ್ಮ ಋಣ ತೀರಿಸೋಕಾಗಲ್ಲ' ಅನ್ನುವುದು ಹಳ್ಳಿಯವರ ಬಾಯಲ್ಲೂ ಸಲೀಸಾಗಿ ಬರುತ್ತದೆ. ಎರಡೂ ಕಡೆ ಲೆಕ್ಕದ ಪುಸ್ತಕ ಒಂದೇ.

ಊಟಕ್ಕೆ ಕೂತಾಗ 'ಇತದಾಕಿಮಾಸು' ಅನ್ನುತ್ತಾರೆ. ಕೊಟ್ಟದ್ದನ್ನು ತಲೆಯ ಮೇಲಕ್ಕೆತ್ತಿ ಸ್ವೀಕರಿಸುವುದು ಅದರ ಮೂಲಾರ್ಥ. ನಾವು ಪ್ರಸಾದವನ್ನು ಕಣ್ಣಿಗೊತ್ತಿಕೊಂಡ ಹಾಗೆ. ಊಟವಾದ ಮೇಲೆ 'ಗೊಚಿಸೋಸಾಮಾ'. ಅದರೊಳಗೆ 'ಓಡುವುದು' ಅನ್ನುವ ಅರ್ಥ ಅಡಗಿದೆ. ನಿಮ್ಮ ಊಟಕ್ಕಾಗಿ ಓಡಾಡಿ ಸಾಮಾನು ಹೊಂಚಿದವರಿಗೆ ಸಲ್ಲುವ ಮಾತು ಅದು, ನಮ್ಮ 'ಅನ್ನದಾತಾ ಸುಖೀಭವ' ಇದ್ದ ಹಾಗೆ. ಚೆನ್ನಾಗಿದ್ದೀರಾ ಅಂದರೆ 'ಓಕಾಗೆಸಾಮಾದೆ', ಎಲ್ಲಾ ನಿಮ್ಮ ನೆರಳಿನಿಂದ ಅನ್ನುತ್ತಾರೆ. 'ಏನೋ ನಿಮ್ಮ ಆಶೀರ್ವಾದ' ಅನ್ನುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮರ್ಯಾದೆಯ ವ್ಯಾಕರಣವೂ ಅಷ್ಟೇ. ದೊಡ್ಡವರು ಬರಲಿ, ಹೋಗಲಿ, ಇರಲಿ, ಜಪಾನಿಯಲ್ಲಿ 'ಇರಶ್ಶಾರು' ಅನ್ನುವ ಒಂದೇ ಕ್ರಿಯಾಪದ. ನಮ್ಮ 'ದಯಮಾಡಿಸಿ' ನೆನಪು ಮಾಡಿಕೊಳ್ಳಿ. ಬನ್ನಿ ಅನ್ನುವುದಕ್ಕೂ ಅದೇ, ಕೂತುಕೊಳ್ಳಿ ಅನ್ನುವುದಕ್ಕೂ ಅದೇ, ಇನ್ನು ಹೊರಡಿ ಅನ್ನುವುದಕ್ಕೂ ಅದೇ. ಈ ಗೌರವದ ಮಾತು ಈಗಿನವರಿಗೆ ಕಷ್ಟವಾಗುತ್ತಿದೆ ಎಂದು 2007ರಲ್ಲಿ ಅಲ್ಲಿನ ಸರ್ಕಾರದ ಸಂಸ್ಕೃತಿ ಮಂಡಳಿ ಒಂದು ಮಾರ್ಗಸೂಚಿಯನ್ನೇ ಹೊರತಂದು, ಅದನ್ನು ಐದು ಬಗೆಯಾಗಿ ವಿಂಗಡಿಸಿ ವಿವರಿಸಿತು. ಸ್ವಂತ ನೆಲದಲ್ಲಿ ಕೂತವರಿಗೇ ಈ ಚಿಂತೆಯಾದರೆ, ಊರು ಬಿಟ್ಟ ನಮ್ಮ ಪಾಡೇನು?

ಯಾಕೆ ಕೇಳುತ್ತೇನೆ ಅಂದರೆ, ಅವರ ಮನೆಬಾಗಿಲ ಮಾತುಗಳು ನಮ್ಮವೇ. ಹೊರಡುವವರು 'ಇತ್ತೆ ಕಿಮಾಸು' ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ 'ಹೋಗಿ ಬರ್ತೀನಿ'. ಒಳಗಿದ್ದವರು 'ಇತ್ತೆರಶ್ಶಾಯ್' ಅನ್ನುತ್ತಾರೆ, 'ಹೋಗಿ ಬನ್ನಿ'. ವಾಪಸು ಬಂದವರು 'ತದೈಮಾ', ಅಂದರೆ 'ಈಗ ತಾನೇ...'. ಒಳಗಿನಿಂದ 'ಒಕಾಯೆರಿ', ಅಂದರೆ 'ಬಂದ್ಯಾ?'. ಎರಡು ಜೊತೆ ಮಾತು, ನಾಲ್ಕು ಸಾಲು, ಒಂದು ಮನೆ.

ನಮ್ಮ ಅಮ್ಮ 'ಹೋಗ್ತೀನಿ' ಅನ್ನಲು ಬಿಡುತ್ತಲೇ ಇರಲಿಲ್ಲ. 'ಬರ್ತೀನಿ ಅನ್ನು' ಅಂತ ತಿದ್ದಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಪ್ರತಿ ರಜೆ ಮುಗಿದಾಗಲೂ 'ಹೋಗಿ ಬರ್ತೀನಿ' ಅಂದೆ, ಬರುತ್ತಲೂ ಇದ್ದೆ. ಅಮ್ಮ ಹೋದ ಮೇಲೆ ಊರಿನ ಮನೆಗೆ ಬೀಗ ಬಿತ್ತು. ಈಗ ಹೊಸ್ತಿಲು ದಾಟಿದರೆ 'ಬಂದ್ಯಾ?' ಅನ್ನುವವರು ಅಲ್ಲಿಲ್ಲ. ಪುಣೆಯಲ್ಲಿ ಮೊಮ್ಮಗ 'ಬೈ ಅಜ್ಜ' ಅಂತ ಲಿಫ್ಟಿಗೆ ಓಡುತ್ತಾನೆ. 'ಬೈ'ಗೆ 'ಬೈ' ಅಂದರೆ ಮುಗಿಯಿತು, ಅದರಲ್ಲಿ ತಿರುಗಿ ಬರುವ ಮಾತೇ ಇಲ್ಲ.

ಮಗಳು ಕಂಪನಿ ಕೆಲಸದ ಮೇಲೆ ಆರು ತಿಂಗಳು ನಗೋಯಾಕ್ಕೆ ಹೊರಟಾಗ ಸೂಟ್‌ಕೇಸ್ ಹಿಡಿದು 'ಇತ್ತೆ ಕಿಮಾಸು, ಅಪ್ಪಾ' ಅಂದಳು. ಪಾಠ ಒಪ್ಪಿಸಿದ ಹಾಗೆ ನಗುತ್ತಲೇ ಅಂದಳು. 'ಹೋಗಿ ಬಾರಮ್ಮ' ಅಂದೆ. ಪಕ್ಕದಲ್ಲಿದ್ದ ಮೊಮ್ಮಗ 'ಅಜ್ಜ, ಜಪಾನೀಸ್‌ನಲ್ಲಿ ಹೇಳು' ಅಂದ. ಕನ್ನಡದಲ್ಲಿ ಹೇಳಿದರೂ ಅದೇ ಕಣೋ ಅಂತ, ಅವನಿಗೂ ಅವತ್ತೇ ಈ ನಾಲ್ಕು ಸಾಲು ಕಲಿಸಲು ಶುರುಮಾಡಿದೆ.