ಬೆವರಿನ ಹಣ ಯಾರದು? – ಹೊಸರಿತ್ತಿಯ ಹುತಾತ್ಮರ ನೆನಪು

ಅಂತರಂಗ ಬಹಿರಂಗಗಳ ಶುದ್ಧಿಗೆಂದು ಬಸವಣ್ಣನವರು ಹೇಳಿದ ಏಳು ನಿಷೇಧಗಳಲ್ಲಿ ಕಳವು ಮೊದಲನೆಯದು, ಕೊಲೆ ಎರಡನೆಯದು. ಅನ್ಯರ ದುಡಿಮೆಯ ಫಲಕ್ಕೆ ಕೈಯಿಕ್ಕಬಾರದು, ಅನ್ಯರ ಪ್ರಾಣಕ್ಕೆ ಎರವಾಗಬಾರದು ಎಂಬುದು ಅದರ ತಾತ್ಪರ್ಯ. ಈ ಮಾತನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದ ನಾಡಿನಲ್ಲಿ, 1943ರ ಏಪ್ರಿಲ್ 1ರಂದು, ಹಾವೇರಿ ಸೀಮೆಯ ಹೊಸರಿತ್ತಿ ಗ್ರಾಮದ ವೀರಭದ್ರ ದೇವಾಲಯದಲ್ಲಿ ಇರಿಸಿದ್ದ ಸರ್ಕಾರಿ ಹಣವನ್ನು ವಶಪಡಿಸಿಕೊಳ್ಳಲು ಹೋದ ಮೂವರು ಕಾವಲಿನ ಪೊಲೀಸರ ಗುಂಡಿಗೆ ಬಲಿಯಾದರು. ಆಳುವವರ ಕಡತದಲ್ಲಿ ಅದು ಅಪರಾಧ. ನಾಡಿನ ನೆನಪಿನಲ್ಲಿ ಅದು ಬಲಿದಾನ. ಈ ಎರಡು ಮಾತುಗಳಲ್ಲಿ ಸತ್ಯ ಯಾವುದು ಎಂಬುದನ್ನು ಅರಿಯಬೇಕಾದರೆ ಆ ಹಣ ಎಲ್ಲಿಂದ ಬಂದದ್ದು, ಯಾರದು ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಅದು ರೈತರಿಂದ ವಸೂಲಾದ ಭೂಕಂದಾಯದ ಹಣ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮುಂದೆ ಮುಂಬಯಿ ಪ್ರಾಂತದ ಭಾಗವಾಯಿತು. ಅಲ್ಲಿ ನೆಲೆಗೊಂಡದ್ದು ರೈತವಾರಿ ಪದ್ಧತಿ. ಹೊಲಗಳನ್ನು ಅಳೆದು ಸರ್ವೆ ನಂಬರು ಕೊಟ್ಟು, ಮಣ್ಣಿನ ಗುಣವನ್ನು ನೋಡಿ ಆಕಾರ ಕಟ್ಟಲಾಯಿತು. ಒಮ್ಮೆ ಕಟ್ಟಿದ ಆಕಾರವು ಸಾಮಾನ್ಯವಾಗಿ 30 ವರ್ಷಗಳವರೆಗೆ ನಡೆಯುತ್ತಿತ್ತು. ಊರಿನ ಪಾಟೀಲ ಹಾಗೂ ಕುಲಕರ್ಣಿಯರು ವಸೂಲಿ ಮಾಡಿದ ಹಣವು ತಾಲೂಕಿನ ಮಾಮಲೇದಾರರ ಕಚೇರಿಯನ್ನು ಸೇರುತ್ತಿತ್ತು. ಹೊರನೋಟಕ್ಕೆ ಇದು ಅಚ್ಚುಕಟ್ಟಾದ ವ್ಯವಸ್ಥೆಯೇ. ಆದರೆ ಇದರ ಒಳಗೊಂದು ಕಠೋರತೆ ಇತ್ತು. ಕಂದಾಯವನ್ನು ಬೆಳೆಯ ಪಾಲಾಗಿ ಅಲ್ಲದೆ ನಗದಿನಲ್ಲಿಯೇ ಕೊಡಬೇಕಾಗಿತ್ತು. ಮಳೆ ಬಂದರೂ ಅಷ್ಟೇ, ಬಾರದಿದ್ದರೂ ಬಹುಮಟ್ಟಿಗೆ ಅಷ್ಟೇ. ಕೈಯಲ್ಲಿ ಹಣವಿಲ್ಲದ ರೈತನು ಸಾಹುಕಾರನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಸಾಲ ತೀರದಿದ್ದರೆ ಹೊಲ ಕೈಬಿಡುತ್ತಿತ್ತು. 1876–78ರ ಭೀಕರ ಬರಗಾಲವು ಈ ಸೀಮೆಯ ಒಕ್ಕಲು ಕುಟುಂಬಗಳನ್ನು ನೆಲಕಚ್ಚಿಸಿತು. 1929ರ ನಂತರ ಜಗತ್ತಿನ ಮಾರುಕಟ್ಟೆಗಳು ಕುಸಿದು ಹತ್ತಿ ಮತ್ತು ಧಾನ್ಯಗಳ ಬೆಲೆ ಇಳಿದಾಗ, ಬೆಲೆಯೊಡನೆ ಕಂದಾಯದ ಅಂಕಿ ಇಳಿಯಲಿಲ್ಲ. ಅದೇ ರೂಪಾಯಿ ಕಟ್ಟಲು ರೈತನು ಮೊದಲಿಗಿಂತ ಹೆಚ್ಚು ಚೀಲಗಳನ್ನು ಮಾರಬೇಕಾಯಿತು. ಹೀಗೆ ಕೊಟ್ಟ ಹಣ ಹೇಗೆ ವೆಚ್ಚವಾಗಬೇಕು ಎಂಬುದರಲ್ಲಿ ಅವನಿಗೆ ಯಾವ ಮಾತೂ ಇರಲಿಲ್ಲ.

ಇಂತಹ ನೆಲದಲ್ಲಿ, ಈಗಿನ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ, ಮಾರ್ತಾಂಡಪ್ಪ ಮತ್ತು ಬಸಮ್ಮ ದಂಪತಿಗಳ ಉದರದಲ್ಲಿ 1911ರ ಜೂನ್ 8ರಂದು ಮಹಾದೇವಪ್ಪನವರು ಜನಿಸಿದರು. ಮೈಲಾರ ಎಂಬುದು ಮನೆತನದ ಹೆಸರು. ಎಳೆಯ ವಯಸ್ಸಿನಲ್ಲಿಯೇ ಖಾದಿಯ ಕಡೆಗೆ ಒಲಿದ ಅವರು ಸಬರಮತಿಯ ಆಶ್ರಮವನ್ನು ಸೇರಿದರು. 1930ರ ಮಾರ್ಚ್ 12ರಂದು ಗಾಂಧೀಜಿಯವರು ಉಪ್ಪಿನ ಕಾನೂನನ್ನು ಮುರಿಯಲು ದಂಡಿಯತ್ತ ಹೊರಟಾಗ, ಅವರು ಆರಿಸಿಕೊಂಡ ಸತ್ಯಾಗ್ರಹಿಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಒಂದೇ ಹೆಸರು: ಮಹಾದೇವ ಮಾರ್ತಾಂಡ, ವಯಸ್ಸು 18. ಇಪ್ಪತ್ನಾಲ್ಕು ದಿನಗಳ ಆ ನಡಿಗೆಯಲ್ಲಿ ಈ ತರುಣ ಕಂಡದ್ದು ಮತ್ತೊಂದು ತೆರಿಗೆಯ ಸ್ವರೂಪವನ್ನು. ಸಮುದ್ರವು ಪುಕ್ಕಟೆಯಾಗಿ ಕೊಡುವ ಉಪ್ಪಿಗೂ ಸುಂಕ. ಕೂಲಿಯವನ ಗಂಜಿಯೂ ಆ ಸುಂಕದಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಚಳವಳಿಯಲ್ಲಿ ಮಹಾದೇವಪ್ಪನವರು ಸೆರೆವಾಸ ಅನುಭವಿಸಿದರು. ಅವರ ಧರ್ಮಪತ್ನಿ ಸಿದ್ದಮ್ಮನವರೂ ಪತಿಯ ಮಾರ್ಗವನ್ನೇ ಹಿಡಿದು ಸೆರೆಮನೆ ಕಂಡವರು ಎಂಬುದು ಸ್ಮರಣೀಯ.

ಇದೇ ವರ್ಷಗಳಲ್ಲಿ ಉತ್ತರ ಕನ್ನಡದ ಅಂಕೋಲಾ ಮತ್ತು ಸಿದ್ದಾಪುರಗಳಲ್ಲಿ, ಮೋಟೆಬೆನ್ನೂರಿಗೆ ದೂರವಲ್ಲದ ಹಿರೇಕೆರೂರು ಸೀಮೆಯಲ್ಲಿ ರೈತರು ಕರನಿರಾಕರಣೆಯ ವ್ರತ ತೊಟ್ಟರು. ಸರ್ಕಾರ ಹೊಲಮನೆಗಳನ್ನು ಜಪ್ತಿ ಮಾಡಿತು. ದನಕರುಗಳು, ಪಾತ್ರೆಪಗಡಗಳು ಹರಾಜಿಗೆ ಬಂದವು. ತಲೆತಲಾಂತರದಿಂದ ಉತ್ತು ಬಂದ ನೆಲವನ್ನು ಕಳೆದುಕೊಂಡರೂ ಆ ಒಕ್ಕಲುಗಳು ಮಾತಿಗೆ ತಪ್ಪಲಿಲ್ಲ. ಕಂದಾಯವೆಂಬುದು ದೊರೆಗೆ ಸಹಜವಾಗಿ ಸಲ್ಲುವ ಹಕ್ಕಲ್ಲ, ಪ್ರಜೆಯ ಒಪ್ಪಿಗೆಯಿಂದ ಮಾತ್ರ ಅದು ನ್ಯಾಯವಾಗುತ್ತದೆ ಎಂಬ ಅರಿವು ಗ್ರಂಥಗಳಿಂದ ಬಂದದ್ದಲ್ಲ, ಈ ಕಷ್ಟದಿಂದ ಬಂದದ್ದು.

ಸೆರೆಯಿಂದ ಬಂದ ಮಹಾದೇವಪ್ಪನವರು ಪದವಿಯನ್ನು ಅರಸಲಿಲ್ಲ. ಹಾವೇರಿಯ ಸಮೀಪದ ಕೊರಡೂರಿನಲ್ಲಿ ಗ್ರಾಮಸೇವಾಶ್ರಮವನ್ನು ಕಟ್ಟಿ ಖಾದಿ ಮತ್ತು ಗ್ರಾಮಸೇವೆಯ ಕೆಲಸದಲ್ಲಿ ತೊಡಗಿದರು. ಶರಣರು ಕಾಯಕವೆಂದು ಕರೆದುದನ್ನು ಇಲ್ಲಿ ರಾಟೆಯ ರೂಪದಲ್ಲಿ ಕಾಣಬಹುದು. ಅವರು ನೂಲುತ್ತಿದ್ದ ನೂಲಿಗೂ ಅವರು ಹಿಡಿದ ರಾಜಕೀಯಕ್ಕೂ ನಡುವೆ ಗೋಡೆ ಇರಲಿಲ್ಲ.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ಕಾಂಗ್ರೆಸ್ಸು 'ಭಾರತ ಬಿಟ್ಟು ತೊಲಗಿ' ಎಂಬ ನಿರ್ಣಯವನ್ನು ಅಂಗೀಕರಿಸಿತು. ಮರುದಿನ ಬೆಳಗಾಗುವಷ್ಟರಲ್ಲಿ ಗಾಂಧೀಜಿಯವರೂ ಹಿರಿಯ ನಾಯಕರೂ ಬಂಧಿತರಾದರು. ದಾರಿ ಹೇಳುವವರು ಸೆರೆಯಲ್ಲಿರಲು, ದಾರಿಯನ್ನು ಹುಡುಕಿಕೊಳ್ಳುವ ಹೊಣೆ ಹಳ್ಳಿಗಳ ತರುಣರ ಮೇಲೆ ಬಿದ್ದಿತು. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಭೂಗತ ಕಾರ್ಯಕರ್ತರು ತಂತಿಗಳನ್ನು ಕತ್ತರಿಸಿದರು. ರೈಲು ನಿಲ್ದಾಣ, ಚಾವಡಿ, ಅಂಚೆಪೆಟ್ಟಿಗೆಗಳಿಗೆ ಬೆಂಕಿಯಿಟ್ಟರು. ಊರಿನ ಕಂದಾಯದ ದಫ್ತರಗಳನ್ನು ಸುಟ್ಟರು. ಆಡಳಿತದ ಕೈಕಾಲುಗಳನ್ನು ಕಟ್ಟಬೇಕು, ಆದರೆ ಮನುಷ್ಯರ ಮೇಲೆ ಕೈಮಾಡಬಾರದು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಮಹಾದೇವಪ್ಪನವರ ತಂಡವು ಈ ಹಾದಿಯಲ್ಲಿ ತಿಂಗಳುಗಟ್ಟಲೆ ಪೊಲೀಸರಿಗೆ ಸಿಗದೆ ಕೆಲಸ ಮಾಡಿತು. ಹಳ್ಳಿಗರು ಅನ್ನ ಕೊಟ್ಟು, ಮಾತು ಬಿಡದೆ ಕಾಪಾಡದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ.

ಈ ತಂಡವೇ 1943ರ ಏಪ್ರಿಲ್ 1ರಂದು ಹೊಸರಿತ್ತಿಗೆ ಬಂದದ್ದು. ಅಂದು ಮಡಿದವರು ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಈ ಹೆಸರುಗಳನ್ನು ವಚನಗಳ ಓದುಗರು ನಿಂತು ಗಮನಿಸಬೇಕು. ಒಂದು ಮನೆತನದ ಹೆಸರಿನಲ್ಲಿ ಬಟ್ಟೆ ಮಡಿ ಮಾಡುವ ಕಾಯಕವಿದೆ, ಇನ್ನೊಂದರಲ್ಲಿ ಮಠವಿದೆ. ಮಡಿವಾಳ ಮಾಚಿದೇವರನ್ನು ಹಿರಿಯರ ಸಾಲಿನಲ್ಲಿ ಕೂರಿಸಿದ ಕಲ್ಯಾಣದ ಆಶಯವು ಎಂಟು ಶತಮಾನಗಳ ತರುವಾಯ ವೀರಭದ್ರನ ಸನ್ನಿಧಿಯಲ್ಲಿ ಒಂದೇ ನೆಲದ ಮೇಲೆ ಬಿದ್ದ ರಕ್ತದಲ್ಲಿ ಕಾಣುತ್ತದೆ. ಮಹಾದೇವಪ್ಪನವರಿಗೆ ಆಗ ಇನ್ನೂ 32 ತುಂಬಿರಲಿಲ್ಲ.

ಮೊದಲಿನ ಪ್ರಶ್ನೆ ಈಗ ಎದುರಾಗುತ್ತದೆ. ಇದು ಕಳವೇ? ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ಸದ್ಭಕ್ತರಿಗೆಲ್ಲ ತಿಳಿದದ್ದೇ. ನಿತ್ಯದ ಅಳತೆಗಿಂತ ಹೆಚ್ಚಿನ ಅಕ್ಕಿಯನ್ನು ಗಂಡ ತಂದಾಗ, ಅದನ್ನು ತಂದ ಜಾಗಕ್ಕೇ ಹಿಂದಿರುಗಿಸಬೇಕೆಂದು ಲಕ್ಕಮ್ಮ ತಾಯಿ ಕಳುಹಿಸುತ್ತಾರೆ. ತನ್ನದಲ್ಲದ್ದು ಮನೆಯೊಳಗೆ ಬಂದರೆ ಅದು ಅಲ್ಲಿಂದ ಹೊರಡಲೇಬೇಕು ಎಂಬುದು ಆ ತಾಯಿಯ ನ್ಯಾಯ. ಈ ನ್ಯಾಯದಿಂದ ಅಳೆದರೆ, ಒಪ್ಪಿಗೆಯಿಲ್ಲದೆ ಒಕ್ಕಲಿಗನ ಬೆವರನ್ನು ಅಳೆದುಕೊಂಡು ಹೋಗುತ್ತಿದ್ದ ಆಳ್ವಿಕೆಯೇ ಮೊದಲ ಕಳವನ್ನು ಮಾಡಿತ್ತು. ಹೊಸರಿತ್ತಿಗೆ ಹೋದವರು ತಮ್ಮ ಮನೆ ತುಂಬಿಕೊಳ್ಳಲು ಹೋದವರಲ್ಲ. ಮಹಾದೇವಪ್ಪನವರಿಗೆ ಅಂದು ಇದ್ದದ್ದು ಆಶ್ರಮವೊಂದೇ. ತಂಡದವರಿಗೆಲ್ಲ ಎದುರಿಗಿದ್ದದ್ದು ಸೆರೆ ಅಥವಾ ಸಾವು.

ಆದರೂ ಪ್ರಶ್ನೆ ಇಷ್ಟಕ್ಕೇ ತೀರಿತೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. 1944ರ ಮೇ 6ರಂದು ಬಿಡುಗಡೆಯಾದ ಗಾಂಧೀಜಿಯವರು ಗುಪ್ತ ಚಟುವಟಿಕೆ ಮತ್ತು ಆಸ್ತಿನಾಶಗಳು ಅಹಿಂಸೆಯ ಮಾರ್ಗಕ್ಕೆ ಹೊಂದುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದರು. ಭೂಗತರಾಗಿದ್ದವರು ಹೊರಬಂದು ಸರ್ಕಾರಕ್ಕೆ ಶರಣಾಗಬೇಕೆಂದು ಸೂಚಿಸಿದರು. ಕರ್ನಾಟಕದ ಹಿರಿಯ ಕಾರ್ಯಕರ್ತರಾದ ರಂಗರಾವ್ ದಿವಾಕರರು ಆ ಮಾತನ್ನು ಮನ್ನಿಸಿ ಹಾಗೆಯೇ ಮಾಡಿದರು. ದಂಡಿಯ ದಾರಿಯಲ್ಲಿ ಹೆಜ್ಜೆ ಹಾಕಿದ ಶಿಷ್ಯನಿಗೆ ಗುರುವಿನ ಈ ಮಾತನ್ನು ಕೇಳುವ ಅವಕಾಶ ದೊರೆಯಲಿಲ್ಲ. ಕೇಳಿದ್ದರೆ ಅವರು ಏನು ಹೇಳುತ್ತಿದ್ದರೆಂದು ಊಹಿಸುವುದು ತರವಲ್ಲ. ಗುರುವೂ ಶಿಷ್ಯನೂ ಬೇರೆ ಬೇರೆ ನಿರ್ಣಯಕ್ಕೆ ಬಂದಿದ್ದರೂ, ಪರರ ಪ್ರಾಣವನ್ನು ತೆಗೆಯದೆ ತನ್ನ ಪ್ರಾಣವನ್ನು ಪಣಕ್ಕಿಡಬೇಕು ಎಂಬಲ್ಲಿ ಇಬ್ಬರೂ ಒಂದೇ ನೆಲದಲ್ಲಿ ನಿಂತಿದ್ದಾರೆ. ಎರಡನೆಯ ನಿಷೇಧವನ್ನು ಪಾಲಿಸುವ ಹಟವೇ ಮೊದಲನೆಯದರ ಬಗೆಗಿನ ಸಂಶಯಕ್ಕೆ ಅವರು ಕೊಟ್ಟ ಉತ್ತರವೆಂದು ತಿಳಿಯಬಹುದು.

ಇಂದು ಹಾವೇರಿಯ ವೀರಸೌಧವು ಈ ಹುತಾತ್ಮರನ್ನು ನೆನಪಿಸುತ್ತದೆ. ಹಾವೇರಿಯ ರೈಲು ನಿಲ್ದಾಣವು ಮಹಾದೇವಪ್ಪನವರ ಹೆಸರನ್ನು ಹೊತ್ತಿದೆ. 2018ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿದೆ. ಯಾವ ರೈಲು, ಯಾವ ಅಂಚೆಯನ್ನು ಪರರಾಜ್ಯದ ಕೈಗಳೆಂದು ಬಗೆದು ಅಂದಿನ ತರುಣರು ಎದುರಿಸಿದರೋ, ಅವೇ ಇಂದು ಪ್ರಜೆಗಳ ಸ್ವತ್ತಾಗಿ ಆ ಹೆಸರಿಗೆ ಗೌರವ ಸಲ್ಲಿಸುತ್ತಿವೆ.

ಆದರೆ ಸ್ವತ್ತು ನಮ್ಮದಾದ ಮೇಲೆ ಹೊಣೆಯೂ ನಮ್ಮದೇ. ಪಂಚಾಯಿತಿಯ ಹಣವಿರಲಿ, ಸಹಕಾರಿ ಸಂಘದ ಹಣವಿರಲಿ, ಭಕ್ತರು ಮಠದ ದಾಸೋಹಕ್ಕೆ ಅರ್ಪಿಸಿದ ಕಾಣಿಕೆಯೇ ಇರಲಿ, ಅದು ಯಾರದೋ ಬೆವರಿನಿಂದ ಬಂದ ಅಕ್ಕಿ. ಅದನ್ನು ಕೈಯಲ್ಲಿ ಹಿಡಿದವರು ಲಕ್ಕಮ್ಮ ತಾಯಿಯ ಅಳತೆಯಲ್ಲಿ ಅಳೆದು ನೋಡಿಕೊಳ್ಳಬೇಕು. ವಿದೇಶೀಯರ ಪೆಟ್ಟಿಗೆಯಲ್ಲಿದ್ದಾಗ ಯಾವ ಹಣಕ್ಕಾಗಿ ಮೂವರು ಪ್ರಾಣ ಕೊಟ್ಟರೋ, ಅದೇ ಹಣವು ಸ್ವದೇಶೀಯರ ಕೈಯಲ್ಲಿ ಸೋರಿಹೋದರೆ ಆ ಬಲಿದಾನಕ್ಕೆ ಅರ್ಥವೇನು ಉಳಿದೀತು? ಹುತಾತ್ಮರ ಭಾವಚಿತ್ರಕ್ಕೆ ಹಾರ ಹಾಕುವ ಮುನ್ನ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡರೆ ಅದೇ ಅವರಿಗೆ ಸಲ್ಲಿಸುವ ನಿಜವಾದ ಶರಣಾರ್ಥಿ.