ರಾಜರ ಜೋಡಿ, ಅಪಾಯದ ಫ್ಲಾಪ್: ಅದೃಷ್ಟ–ಕೌಶಲ ವಿಂಗಡಣೆಗೆ ಒಂದು ಎಣಿಕೆ

1. ವ್ಯಾಪ್ತಿ

ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳಲ್ಲಿ, ಅಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲಗಳಲ್ಲಿ, ಹಣ ಕಟ್ಟಿ ಆಡುವ ಇಸ್ಪೀಟಿಗೆ ಅನ್ವಯಿಸುವುದು ರಾಜ್ಯದ ಪೊಲೀಸ್ ಕಾಯ್ದೆ. ಅದರ 79 ಮತ್ತು 80ನೇ ಕಲಮುಗಳು ಜೂಜುಕಟ್ಟೆ ನಡೆಸುವುದನ್ನೂ ಅಲ್ಲಿ ಆಡುವುದನ್ನೂ ಅಪರಾಧವೆನ್ನುತ್ತವೆ. 176ನೇ ಕಲಮು ಕೌಶಲದ ಆಟಕ್ಕೆ ಇವೆರಡರಿಂದ ವಿನಾಯಿತಿ ಕೊಡುತ್ತದೆ. ಹಾಗಾಗಿ ಆಟವೊಂದರಲ್ಲಿ ಕೌಶಲ ಯಾವ ಹಂತದಲ್ಲಿ ಕೆಲಸ ಮಾಡುತ್ತದೆ ಎಂಬುದು ಇಲ್ಲಿ ಕಾನೂನಿನ ಪ್ರಶ್ನೆಯೂ ಹೌದು. ಹಳ್ಳಿಗಾಡಿನಲ್ಲಿ ಸಾಮಾನ್ಯವಾಗಿ ಕಾಣುವ ಅಂದರ್–ಬಾಹರನ್ನು ಹೋಲಿಕೆಗೆ ಇಟ್ಟುಕೊಂಡು, ಟೆಕ್ಸಾಸ್ ಹೋಲ್ಡೆಮ್ ಪೋಕರಿನ ಒಂದೇ ಸನ್ನಿವೇಶವನ್ನು ಈ ಟಿಪ್ಪಣಿ ಎಣಿಸಿ ನೋಡುತ್ತದೆ.

2. ಹೋಲಿಕೆಯ ಆಟ

ಅಂದರ್–ಬಾಹರಿನಲ್ಲಿ ಒಂದು ಎಲೆಯನ್ನು ತೆರೆದಿಟ್ಟು, ಅದೇ ಅಂಕದ ಮತ್ತೊಂದು ಎಲೆ ಬೀಳುವವರೆಗೆ ಎರಡು ಬದಿಗೂ ಸರದಿಯಂತೆ ಎಲೆ ಹಾಕಲಾಗುತ್ತದೆ. ಉಳಿದ 51 ಎಲೆಗಳಲ್ಲಿ ಹೊಂದುವವು 3. ಮೊದಲು ಎಲೆ ಪಡೆಯುವ ಬದಿ ಗೆಲ್ಲುವ ಸಂಭವನೀಯತೆ 10,725/20,825, ಅಂದರೆ ಶೇ 51.50. ಬದಿಯನ್ನು ಆರಿಸಿ ಹಣ ಕಟ್ಟಿದ ಮೇಲೆ ಆಟಗಾರನ ಯಾವ ನಿರ್ಧಾರವೂ ಈ ಸಂಖ್ಯೆಯನ್ನು ಬದಲಿಸದು.

3. ದೊಡ್ಡ ಜೋಡಿಯ ಮೂಲ ಅಂಕಿಗಳು

3.1. ಎರಡೆಲೆಯ ಕೈಗಳು ಒಟ್ಟು 1,326. ಅವುಗಳಲ್ಲಿ ಜೋಡಿಗಳು 78 (ಶೇ 5.88). ಎಕ್ಕ, ರಾಜ, ರಾಣಿಯರ ಜೋಡಿಗಳು ತಲಾ 6ರಂತೆ 18 (ಶೇ 1.36).

3.2. ಜೋಡಿ ಹಿಡಿದವನಿಗೆ ಸಾಧ್ಯವಿರುವ ಫ್ಲಾಪ್‌ಗಳು (ಮೇಜಿನ ಮೇಲೆ ಮೊದಲು ತೆರೆಯುವ ಮೂರೆಲೆಗಳ ಗುಂಪುಗಳು) 19,600. ರಾಜರ ಜೋಡಿ ಇದ್ದಾಗ ಕನಿಷ್ಠ ಒಂದು ಎಕ್ಕ ಬೀಳುವುದು 4,420 ಫ್ಲಾಪ್‌ಗಳಲ್ಲಿ (ಶೇ 22.55). ರಾಣಿಯರ ಜೋಡಿ ಇದ್ದಾಗ ಎಕ್ಕ ಅಥವಾ ರಾಜ ಬೀಳುವುದು 8,120ರಲ್ಲಿ (ಶೇ 41.43). ಜೋಡಿಗೆ ಮೂರನೆಯ ಎಲೆ ಸಿಕ್ಕ ಫ್ಲಾಪ್‌ಗಳೂ ಈ ಎಣಿಕೆಯಲ್ಲಿ ಸೇರಿವೆ. ಆದ್ದರಿಂದ ಇವನ್ನು ನೇರವಾಗಿ ಸೋಲಿನ ಅಂಕಿಗಳೆಂದು ಓದಬಾರದು.

3.3. ಎದುರಾಳಿಯ ಕೈಯಲ್ಲಿ ಆಟೀನ್ ಎರಡು, ಫ್ಲಾಪ್‌ನಲ್ಲಿ ಎರಡು ಇದ್ದರೆ ಐದನೆಯದು ಬಂದು ಫ್ಲಶ್ ಆಗುವ ಸಂಭವಕ್ಕೆ ಎರಡು ಅಂಕಿಗಳಿವೆ: ಶೇ 34.97 ಮತ್ತು ಶೇ 36.36. ಎರಡೂ ಸರಿ. ಮೊದಲನೆಯದು ಎದುರಾಳಿಯು ತನಗೆ ಕಾಣದ 47 ಎಲೆಗಳನ್ನು ಆಧಾರವಾಗಿಟ್ಟು ಮಾಡುವ ಲೆಕ್ಕ. ಎರಡನೆಯದು ಎರಡೂ ಕೈ ಗೊತ್ತಿದ್ದು, ಜೋಡಿಯಲ್ಲಿ ಆಟೀನ್ ಇಲ್ಲದಾಗ, ಉಳಿದ 45 ಎಲೆಗಳ ಮೇಲಿನ ಲೆಕ್ಕ. ಆಧಾರವನ್ನು ಹೇಳದೆ ಅಂಕಿಯನ್ನಷ್ಟೇ ಉದ್ಧರಿಸಿದರೆ ಗೊಂದಲ ಖಚಿತ.

4. ಒಂದು ಸನ್ನಿವೇಶ

4.1. ಕೈ: ಡೈಮನ್ ರಾಜ, ಕಳಾವರ್ ರಾಜ. ಫ್ಲಾಪ್: ಆಟೀನ್ 9, ಆಟೀನ್ 8, ಕಳಾವರ್ 7. ಎದುರಾಳಿಗೆ ಸಾಧ್ಯವಿರುವ ಕೈಗಳು 1,081. ಅವುಗಳಲ್ಲಿ ಈ ಗಳಿಗೆಗೆ ರಾಜರ ಜೋಡಿಯನ್ನು ಮೀರಿದವು: ಎಕ್ಕಗಳ ಜೋಡಿ 6; 9, 8, 7ರ ಮೂರೆಲೆಗಳು 9; ಎರಡು ಜೋಡಿಗಳು 27; ಸ್ಟ್ರೇಟ್‌ಗಳು (ಗುಲಾಮ–10, 10–6, 6–5) 48. ಒಟ್ಟು 90, ಅಂದರೆ ಶೇ 8.33.

4.2. ಈ ಶೇ 8.33 ನಿಖರ, ಆದರೆ ಎದುರಾಳಿ ಯಾವ ಎಲೆಯನ್ನಾದರೂ ಹಿಡಿದಿರಬಹುದು ಎಂಬ ಊಹೆಯಡಿ ಮಾತ್ರ. ಫ್ಲಾಪ್‌ಗೆ ಮೊದಲೂ ಆಮೇಲೂ ಬೆಟ್ ಏರಿಸಿದ ಎದುರಾಳಿಯ ಕೈಗಳನ್ನು ಹೀಗೆ ಕುಗ್ಗಿಸಬಹುದು: ಎಕ್ಕಗಳ ಜೋಡಿ 6, ಮೂರೆಲೆ 9, ಗುಲಾಮ–10ರ ಕೈಗಳು 16, ಜೊತೆಗೆ ರಾಣಿಯರ ಜೋಡಿ 6, 10ರ ಜೋಡಿ 6, ಆಟೀನ್ ಎಕ್ಕದೊಡನೆ ಇನ್ನೊಂದು ಆಟೀನ್ ಇರುವ ಕೈಗಳು 10. ಒಟ್ಟು 53, ಅವುಗಳಲ್ಲಿ ಮುಂದಿರುವವು 31, ಅಂದರೆ ಶೇ 58.49. ಈ ಪಟ್ಟಿ ವಿಶ್ಲೇಷಣೆಗೆ ಮಾಡಿಕೊಂಡ ಊಹೆ; ಯಾವುದೇ ಮೇಜಿನಲ್ಲಿ ಗಮನಿಸಿ ಬರೆದದ್ದಲ್ಲ.

4.3. ನಾಲ್ಕನೆಯ ಎಲೆಯಾಗಿ (ಟರ್ನ್) ಡೈಮನ್ 2, ಐದನೆಯದಾಗಿ (ರಿವರ್) ಕಳಾವರ್ 3 ಬಿತ್ತೆನ್ನೋಣ. ಮೇಲಿನ 53 ಕೈಗಳ ಸ್ಥಾನ ಬದಲಾಗದು. ಪಾಟ್ 1,000 ಚಿಪ್, ಎದುರಾಳಿಯ ಬೆಟ್ 500. ಕಾಲ್ ಮಾಡಿದವನಿಗೆ ನಷ್ಟವಾಗದಿರಲು ಶೇ 25 ಸಲ ಗೆಲುವು ಬೇಕು. ಮುಂದಿರುವ 31 ಕೈಗಳಲ್ಲೂ ಎದುರಾಳಿ ಬೆಟ್ ಮಾಡುವನೆಂದು ಹಿಡಿದರೆ, ಹಿಂದಿರುವ ಕೈಗಳಲ್ಲಿ ಕನಿಷ್ಠ 11ರಲ್ಲಾದರೂ ಅವನು ಬೆಟ್ ಮಾಡಬೇಕು (11/42, ಶೇ 26.19). ತಪ್ಪಿದ ಫ್ಲಶ್‌ಗಳು ಹತ್ತರಲ್ಲೂ ಹುಸಿ ಬೆಟ್ ಮಾಡಿ, ರಾಣಿ ಮತ್ತು 10ರ ಜೋಡಿಗಳಲ್ಲಿ ಸುಮ್ಮನಿರುವವನಾದರೆ ಅಂಕಿ 10/41, ಶೇ 24.39, ಆಗ ಎಲೆ ಮಡಿಸುವುದು ಸರಿ. 22ರಲ್ಲೂ ಬೆಟ್ ಮಾಡುವವನಾದರೆ ಶೇ 41.51, ಆಗ ಕಾಲ್ ಸರಿ. ಹುಸಿ ಬೆಟ್ಟನ್ನೇ ಮಾಡದವನಾದರೆ ಶೂನ್ಯ. ಮೇಜಿನ ಮೇಲಿನ ಎಲೆಗಳು ಮೂರೂ ಸಂದರ್ಭಗಳಲ್ಲಿ ಅವೇ. ಬದಲಾದದ್ದು ಎದುರಾಳಿಯ ರೂಢಿಯ ಬಗೆಗಿನ ಅಂದಾಜು ಮಾತ್ರ.

5. ತೀರ್ಪುಗಳು, ದಿನಾಂಕಗಳು

5.1. ಮೇಲೆ ಹೇಳಿದ ಪೊಲೀಸ್ ಕಾಯ್ದೆಯ ಹೆಸರಿನಲ್ಲಿರುವ ವರ್ಷ 1963. ಕಾಯ್ದೆ ಸಂಖ್ಯೆ 1964ರ 4. ಎರಡೂ ವರ್ಷಗಳ ಉಲ್ಲೇಖ ಒಂದೇ ಕಾಯ್ದೆಯದು.

5.2. ರಮ್ಮಿಯನ್ನು ಕೌಶಲಪ್ರಧಾನವೆಂದ ಸತ್ಯನಾರಾಯಣ ಪ್ರಕರಣವನ್ನು 1968ರದೆಂದು ಉದ್ಧರಿಸುವ ವಾಡಿಕೆಯಿದೆ. ಅದು ವರದಿಯಾದ ವರ್ಷ; ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1967ರ ನವೆಂಬರ್ 22ರಂದು. ಬಿದ್ದ ಎಲೆಗಳನ್ನು ನೆನಪಿಡುವುದು, ಯಾವುದನ್ನು ಉಳಿಸಿ ಯಾವುದನ್ನು ಎಸೆಯಬೇಕೆಂದು ತೀರ್ಮಾನಿಸುವುದು ಅಲ್ಲಿ ಆಧಾರ. ಮೂರೆಲೆ ಆಟವನ್ನು ಅದು ಬೇರೆಯಾಗಿಯೇ ಇಟ್ಟಿತು.

5.3. ಪೋಕರ್ ಬಗ್ಗೆ ಹೈಕೋರ್ಟುಗಳಲ್ಲಿ ಏಕಮತವಿಲ್ಲ. ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲವೆಂಬುದು ಕರ್ನಾಟಕ ಹೈಕೋರ್ಟಿನ 2013ರ ಅಕ್ಟೋಬರ್ 8ರ ಆದೇಶದ ಸಾರ. ಗುಜರಾತ್ ಹೈಕೋರ್ಟ್ 2017ರ ಡಿಸೆಂಬರ್ 4ರಂದು ಪೋಕರನ್ನು ಜೂಜೆಂದೇ ಪರಿಗಣಿಸಿತು.

5.4. ಕೌಶಲದ ಆಟಕ್ಕೆ ಹಣ ಕಟ್ಟುವುದನ್ನೂ ಜೂಜಿನೊಳಗೆ ತಂದ ಕರ್ನಾಟಕದ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ಅಸಿಂಧುಗೊಳಿಸಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣದ ಆನ್‌ಲೈನ್ ಆಟಗಳ ಮಟ್ಟಿಗೆ, ಕೌಶಲ–ಅದೃಷ್ಟ ಎಂಬ ಭೇದವನ್ನೇ ಕೈಬಿಟ್ಟಿತು.

6. ಸೀಮಿತ ತೀರ್ಮಾನ

ಪೋಕರಿನಲ್ಲಿ ಕೌಶಲವೇ ಪ್ರಧಾನವೆಂದು ಒಂದು ಫ್ಲಾಪಿನ ಎಣಿಕೆಯಿಂದ ಸಾಧಿಸಲಾಗದು; ಪ್ರಾಧಾನ್ಯದ ಪ್ರಶ್ನೆಗೆ ಬಹಳ ಕೈಗಳ ಫಲಿತಾಂಶ ಬೇಕು. ಇಲ್ಲಿ ತೋರಿಸಲು ಸಾಧ್ಯವಾದದ್ದು ಇಷ್ಟು: ಅಂದರ್–ಬಾಹರಿನ ಶೇ 51.50 ಆಟಗಾರನ ಅರಿವಿನಿಂದ ಕದಲದು. ರಾಜರ ಜೋಡಿಯ ಅಪಾಯವು ಅದೇ ಫ್ಲಾಪಿನಲ್ಲಿ ಶೇ 8.33ರಿಂದ ಶೇ 58.49ರವರೆಗೆ ಸರಿಯುತ್ತದೆ, ಮತ್ತು ರಿವರ್‌ನಲ್ಲಿ ಒಂದೇ ಒಂದು ಕೈಯ ಅಂದಾಜು (10 ಅಥವಾ 11) ಸರಿಯಾದ ನಿರ್ಧಾರವನ್ನು ತಿರುಗಿಸುತ್ತದೆ. 1967ರ ತೀರ್ಪಿನ ಮಾನದಂಡವನ್ನು ಪೋಕರಿಗೆ ಹಚ್ಚುವುದಾದರೆ, ಎಲೆ ಹಂಚುವುದರ ಬದಲು ಈ ಅಂದಾಜಿನ ಹಂತವನ್ನೇ ಪರೀಕ್ಷಿಸುವುದು ಹೆಚ್ಚು ಯುಕ್ತವೆನಿಸುತ್ತದೆ. ಆ ಪರೀಕ್ಷೆಗೆ ಕಾನೂನಿನ ಪ್ರಯೋಜನ ಉಳಿದಿರುವುದು ಎದುರುಬದುರು ಕುಳಿತು ಆಡುವ ಮೇಜಿನ ಮಟ್ಟಿಗೆ.