ಪೆಡಲ್‌ನಿಂದ ಕಾಲು ಬಿಡಿಸಿಕೊಂಡ ಕತೆ

ನಿಂತ ಸೈಕಲ್‌ನಿಂದ ಬೀಳುವುದು ಹೇಗೆ ಅಂತ ಯಾರಾದರೂ ಕೇಳಿದರೆ ಪ್ರಾಕ್ಟಿಕಲ್ ಸಮೇತ ಹೇಳಿಕೊಡಬಲ್ಲೆ. ಹೋದ ಮಳೆಗಾಲದಲ್ಲಿ ಆಫೀಸಿಗೆ ಸೈಕಲ್‌ನಲ್ಲೇ ಹೋಗಬೇಕೆಂಬ ಉಮೇದು ಬಂದು ಇನ್ನೂ ಮೂರನೇ ವಾರ. ಗೆಳೆಯನೊಬ್ಬ ತನಗೆ ಬಿಗಿಯಾಗುತ್ತದೆ ಅಂತ ಕೊಟ್ಟ ರೇಸಿಂಗ್ ಶೂ ಹಾಕಿಕೊಂಡು, ಅದಕ್ಕೆ ಹೊಂದುವ ಪೆಡಲ್‌ನ್ನೂ ಸೈಕಲ್‌ಗೆ ಕೂರಿಸಿಕೊಂಡಿದ್ದೆ. ಸಿಗ್ನಲ್ ಕೆಂಪಾಯಿತು, ಬ್ರೇಕ್ ಹಿಡಿದೆ, ಸೈಕಲ್ ನಿಂತಿತು. ಎಡಗಾಲು ಕೆಳಗಿಡಲು ಹೋದರೆ ಅದು ಪೆಡಲ್ ಬಿಟ್ಟು ಬರಲೇ ಇಲ್ಲ. ಕಡಿದ ಬಾಳೆಗಿಡದ ಹಾಗೆ ನಿಧಾನವಾಗಿ, ಎಲ್ಲರೂ ನೋಡುತ್ತಿರುವಂತೆಯೇ, ಪಕ್ಕಕ್ಕೆ ವಾಲಿ ಬಿದ್ದೆ. ಹಿಂದಿನಿಂದ ಬಸ್ಸೊಂದು ಬ್ರೇಕ್ ಒತ್ತಿದ ಸದ್ದು. "ಏನ್ ಸಾರ್, ಕಾಲಿಡೋದ್ ಮರ್ತೋಯ್ತಾ?" ಅಂದರು ಪಕ್ಕದ ಆಟೋದವರು. ತರಚಿದ ಮೊಣಕೈ ವಾರದಲ್ಲಿ ಮಾಯಿತು. ಬಸ್ಸಿನ ಆ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ.

ಅವತ್ತು ರಾತ್ರಿ ಮೊಣಕೈಗೆ ಔಷಧಿ ಹಚ್ಚಿಕೊಂಡು ಕೂತವನಿಗೆ ಒಂದೇ ಯೋಚನೆ. ಕಾಲನ್ನು ಪೆಡಲ್‌ಗೆ ಕಟ್ಟಿಹಾಕುವ ಐಡಿಯಾ ಯಾರಿಗೆ, ಯಾಕೆ ಬಂತು? ಓದುತ್ತಾ ಹೋದಂತೆ ಗೊತ್ತಾಯಿತು, ಕಟ್ಟಿಹಾಕುವುದು ಸುಲಭದ ಕೆಲಸವಾಗಿತ್ತು. ಸರಿಯಾಗಿ ಬಿಡಿಸುವುದನ್ನು ಕಲಿಯಲು ಸುಮಾರು ತೊಂಬತ್ತು ವರ್ಷ ಹಿಡಿಯಿತು. ಬಿಡಿಸಿಕೊಂಡವನು ನೆಟ್ಟಗೆ ನಾಲ್ಕು ಹೆಜ್ಜೆ ನಡೆಯುವಂತಾಗಲು ಇನ್ನೊಂದು ಆರು ವರ್ಷ.

ಮೊದಲು ಹೆಸರಿನ ಗೋಜಲು. ಈ ಪೆಡಲ್‌ಗೆ ಕ್ಲಿಪ್‌ಲೆಸ್ ಅನ್ನುತ್ತಾರೆ, ಅಂದರೆ ಕ್ಲಿಪ್ ಇಲ್ಲದ್ದು. ಆದರೆ ಕಾಲು 'ಕ್ಲಿಪ್' ಆಗುವುದು ಇದರಲ್ಲೇ! ವಿಷಯ ಏನೆಂದರೆ, ಹಳೇ ಕಾಲದ ರೇಸ್ ಸೈಕಲ್‌ಗಳ ಪೆಡಲ್ ಮೇಲೆ ಶೂನ ಮುಂಭಾಗ ತೂರಿಸಲು ಲೋಹದ ಒಂದು ಪಂಜರ ಇರುತ್ತಿತ್ತು. ಅದು ಟೋ ಕ್ಲಿಪ್. ಅದರ ಸುತ್ತ ಒಂದು ಚರ್ಮದ ಪಟ್ಟಿ. ಆ ಪಂಜರ ಇಲ್ಲದ ಪೆಡಲ್ ಎಂಬ ಅರ್ಥದಲ್ಲಿ ಕ್ಲಿಪ್‌ಲೆಸ್ ಆಯಿತು. ಪಂಜರ ಹೋದರೂ ಅದರ ಹೆಸರು ಉಳಿದುಕೊಂಡಿದೆ, ನಾವು ಈಗಲೂ ಫೋನ್ 'ಡಯಲ್' ಮಾಡುವ ಹಾಗೆ.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಬಂದ ಟೋ ಕ್ಲಿಪ್ಪನ್ನು ರೇಸಿನವರು ದಶಕಗಟ್ಟಲೆ ಬಳಸಿದರು. ಅವರ ಶೂ ತಳಕ್ಕೆ ಮೊಳೆ ಹೊಡೆದು ಕೂರಿಸಿದ ಒಂದು ತುಂಡು ಇರುತ್ತಿತ್ತು, ಅದೇ ಕ್ಲೀಟ್. ಅದರ ಸೀಳಿನಲ್ಲಿ ಪೆಡಲ್‌ನ ಅಂಚು ಸಿಕ್ಕಿಕೊಂಡು, ಮೇಲಿಂದ ಪಟ್ಟಿ ಎಳೆದು ಬಿಗಿದರೆ ಕಾಲು ಮಿಸುಕಾಡುವಂತಿಲ್ಲ. ಇಳಿಯಬೇಕೆಂದರೆ ಓಡುವ ಸೈಕಲ್ ಮೇಲೆಯೇ ಬಗ್ಗಿ, ಕೈಯಿಂದ ಪಟ್ಟಿ ಸಡಿಲಿಸಬೇಕು. ಬೀಳುವಾಗ ಅಷ್ಟೆಲ್ಲ ಪುರುಸೊತ್ತು ಯಾರಿಗಿರುತ್ತದೆ? ಸವಾರನೂ ಸೈಕಲ್ಲೂ ಒಟ್ಟಿಗೇ ನೆಲಕ್ಕೆ.

ಪಟ್ಟಿಯಿಲ್ಲದೆ ಕಾಲು ಹಿಡಿಯುವ ಪೆಡಲ್‌ನ ಯೋಚನೆಯೂ ಹೊಸದಲ್ಲ. ಅಮೆರಿಕದ ರೋಡ್ ಐಲೆಂಡ್‌ನ ಚಾರ್ಲ್ಸ್ ಹ್ಯಾನ್ಸನ್ 1895ರಲ್ಲೇ ಅಂಥದ್ದೊಂದು ಮಾಡಿದ್ದ. ಅದು ನಡೆಯಲಿಲ್ಲ. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೋ ಚಿನೆಲ್ಲಿ ಎಂ-71 ಎಂಬ ಪೆಡಲ್ ತಂದರು. ಶೂ ತಳದ ಕ್ಲೀಟನ್ನು ಪೆಡಲ್‌ನ ಗಾಡಿಯೊಳಗೆ ಜಾರಿಸಿ ಸಿಕ್ಕಿಸುವುದು. ಬಿಡಿಸಲು? ಪೆಡಲ್ ಬದಿಯ ಚಿಕ್ಕ ಲಿವರನ್ನು ಬಗ್ಗಿ ಕೈಯಿಂದಲೇ ಎಳೆಯಬೇಕು! ಪಟ್ಟಿ ಹೋಗಿ ಲಿವರ್ ಬಂತು, ಬಗ್ಗುವುದು ತಪ್ಪಲಿಲ್ಲ. ಅದಕ್ಕೆ ಬಿದ್ದ ಅಡ್ಡಹೆಸರು 'ಸಾವಿನ ಕ್ಲೀಟ್'. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಳ್ಳೇ ಫೀಚರ್ ಬರೆದು ಎಗ್ಸಿಟ್ ಬಟನ್ ಮರೆತ ಹಾಗೆ :-)

ಉತ್ತರ ಸಿಕ್ಕಿದ್ದು ಸೈಕಲ್ ಲೋಕದ ಹೊರಗೆ, ಹಿಮದಲ್ಲಿ.

ಫ್ರಾನ್ಸಿನ ನೆವೆರ್ ಊರಿನಲ್ಲಿ ಝಾನ್ ಬೇಲ್ ಎಂಬುವರು 1951ರಲ್ಲಿ ಶುರುಮಾಡಿದ ಲುಕ್ ಕಂಪನಿ ಸ್ಕೀ ಬೈಂಡಿಂಗ್‌ಗಳನ್ನು ಮಾಡುತ್ತಿತ್ತು. ಬೈಂಡಿಂಗ್ ಅಂದರೆ ಬೂಟನ್ನು ಸ್ಕೀ ಹಲಗೆಗೆ ಹಿಡಿಸುವ ಸಾಧನ. ಅಲ್ಲಿ ಇದ್ದದ್ದೂ ಇದೇ ಸಮಸ್ಯೆ. ಜಾರುವಾಗ ಹಿಡಿದಿರಬೇಕು, ಬಿದ್ದು ಕಾಲು ತಿರುಚಿಕೊಂಡರೆ ಮೂಳೆ ಮುರಿಯುವ ಮೊದಲೇ ತಾನಾಗಿ ಬಿಟ್ಟುಕೊಡಬೇಕು. ಒಂದು ಮಿತಿಯವರೆಗೆ ಹಿಡಿ, ಮಿತಿ ಮೀರಿದರೆ ಬಿಡು. ಆ ಕೆಲಸಕ್ಕೆ ಸ್ಪ್ರಿಂಗ್. ಈ ಬುದ್ಧಿಯನ್ನೇ ಪೆಡಲ್‌ಗೆ ತಂದು 1984ರಲ್ಲಿ ಲುಕ್ ತನ್ನ ಪಿಪಿ-65 ಪೆಡಲ್ ಹೊರತಂದಿತು. ಶೂ ತಳದ ದೊಡ್ಡ ಪ್ಲಾಸ್ಟಿಕ್ ಕ್ಲೀಟ್‌ನ ಮೂತಿ ಪೆಡಲ್‌ನ ಮುಂಭಾಗಕ್ಕೆ ಸಿಕ್ಕಿಕೊಳ್ಳುತ್ತದೆ, ಹಿಂಭಾಗ ಒತ್ತಿದರೆ ಸ್ಪ್ರಿಂಗ್ ಇರುವ ಕೊಂಡಿ 'ಟಕ್' ಅಂತ ಹಿಡಿಯುತ್ತದೆ. ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಸಾಕು. ಕೈಗೆ ಕೆಲಸವೇ ಇಲ್ಲ.

ಒಳ್ಳೇ ಸಾಮಾನು ಮಾಡಿದರೆ ಸಾಲದಲ್ಲ, ಯಾರಾದರೂ ಹಾಕಿಕೊಂಡು ಗೆಲ್ಲಬೇಕು. ಆಗ ಲುಕ್ ಕಂಪನಿ ಬೆರ್ನಾರ್ ತಾಪಿ ಎಂಬ ಉದ್ಯಮಿಯ ಕೈಯಲ್ಲಿತ್ತು. ಲಾ ವಿ ಕ್ಲೇರ್ ಎಂಬ ಸೈಕಲ್ ತಂಡವೂ ಅವನದೇ. ಆ ತಂಡದ ಬೆರ್ನಾರ್ ಇನೋ 1985ರ ಟೂರ್ ದ ಫ್ರಾನ್ಸ್‌ನಲ್ಲಿ ಈ ಪೆಡಲ್ ತುಳಿದ. ಮೊಣಕಾಲಿನ ತೊಂದರೆಯಿಂದ 1980ರಲ್ಲಿ ಹಳದಿ ಜೆರ್ಸಿಯಲ್ಲಿದ್ದಾಗಲೇ ಟೂರ್ ಬಿಟ್ಟವನು, 1983ರಲ್ಲಿ ಅದೇ ಕಾರಣಕ್ಕೆ ಓಡದೇ ಉಳಿದವನು ಈತ. ಆ ವರ್ಷ ಸೇಂಟ್ ಎಟಿಯೆನ್ ಊರಿನ ಬಳಿ ಬಿದ್ದು ಮೂಗು ಮುರಿದುಕೊಂಡ. ಮೂಗು ಮುರಿದದ್ದಕ್ಕೂ ಪೆಡಲ್‌ಗೂ ಸಂಬಂಧ ಇಲ್ಲ ಬಿಡಿ, ಹೇಳದೇ ಇರಲಾಗಲಿಲ್ಲ ಅಷ್ಟೆ. ಅದೇ ಮುಖದಲ್ಲಿ ಪ್ಯಾರಿಸ್ ತಲುಪಿ ಐದನೇ ಸಲ ಟೂರ್ ಗೆದ್ದ. ಅಲ್ಲಿಂದಾಚೆ ಚರ್ಮದ ಪಟ್ಟಿಯ ದಿನಗಳು ಮುಗಿಯುತ್ತ ಬಂದವು. ಐರ್ಲೆಂಡಿನ ಶಾನ್ ಕೆಲ್ಲಿಯಂಥ ಹಳೇ ಹುಲಿಗಳು ಮಾತ್ರ ಬಹುಕಾಲ ಟೋ ಕ್ಲಿಪ್ಪಿಗೇ ಅಂಟಿಕೊಂಡಿದ್ದರು. ಮೊದಮೊದಲ ಕ್ಲೀಟ್‌ಗಳು ಪಾದವನ್ನು ಒಂದೇ ಕೋನದಲ್ಲಿ ಹಿಡಿಯುತ್ತಿದ್ದವು, ಮಂಡಿಗೆ ಅದು ಒಗ್ಗುತ್ತಿರಲಿಲ್ಲ. ಬೇಲ್ ಅವರೇ ಮುಂದೆ ಟೈಮ್ ಕಂಪನಿಯ ಜೊತೆ ಸೇರಿ ಪಾದ ಅಷ್ಟಿಷ್ಟು ಆಚೀಚೆ ತಿರುಗುವ ಅವಕಾಶ ಇರುವ ಪೆಡಲ್ ಮಾಡಿದರು.

ಇಷ್ಟೆಲ್ಲ ಆದರೂ ರೇಸ್ ಶೂ ಹಾಕಿದವನ ನಡಿಗೆ ನೋಡಬೇಕು! ಬಾತುಕೋಳಿಯೇ ವಾಸಿ. ತಳ ಹಲಗೆಯಂತೆ ಗಟ್ಟಿ, ಅದರಡಿಯಲ್ಲಿ ಉಬ್ಬಿನಿಂತ ಪ್ಲಾಸ್ಟಿಕ್ ತುಂಡು. ನನ್ನ ಗೆಳೆಯ ಕೊಟ್ಟದ್ದು ಈ ಸಂತಾನದ್ದೇ. ಸಿಗ್ನಲ್‌ನಲ್ಲಿ ಬೀಳುವ ಮುಂಚೆಯೇ ಆಫೀಸಿನ ಗ್ರಾನೈಟ್ ಮೆಟ್ಟಿಲ ಮೇಲೆ ಎರಡು ಸಲ ಜಾರಿದ್ದೆ. ರೇಸಿನವನಿಗೆ ಇದರ ಚಿಂತೆ ಇಲ್ಲ. ಅವನು ಸೈಕಲ್ ಹತ್ತಿದರೆ ಇಳಿಯುವುದು ಗುರಿ ಮುಟ್ಟಿದ ಮೇಲೆ. ನಾವು ಹಾಲು, ಎಟಿಎಂ, ಲಿಫ್ಟ್ ಕೆಟ್ಟ ದಿನ ನಾಲ್ಕನೇ ಮಹಡಿ ಅಂತ ಓಡಾಡುವವರು.

ನಮ್ಮಂಥವರ ಪುಣ್ಯಕ್ಕೆ ಕ್ಯಾಲಿಫೋರ್ನಿಯಾದ ಕೆಲವು ಹುಡುಗರು 1970ರ ದಶಕದಲ್ಲಿ ಮರಿನ್ ಕೌಂಟಿಯ ಗುಡ್ಡಗಳಿಂದ ಹಳೇ ಸೈಕಲ್‌ಗಳನ್ನು ಇಳಿಜಾರಿಗೆ ಬಿಟ್ಟರು. ಅದೇ ಬೆಳೆದು ಮೌಂಟನ್ ಬೈಕ್ ಆಯಿತು. ಗುಡ್ಡದಲ್ಲಿ ದಿಣ್ಣೆ ಬಂದರೆ, ಕೆಸರು ಸಿಕ್ಕಿದರೆ ಎಂಥಾ ಶೂರನೂ ಇಳಿದು ತಳ್ಳಲೇಬೇಕು, ಒಮ್ಮೊಮ್ಮೆ ಸೈಕಲ್ ಹೆಗಲಿಗೇರಿಸಿ ಓಡಬೇಕು. ಅಂದರೆ ನಡೆಯಲು ಬರುವ ಶೂ ಬೇಕೇ ಬೇಕು ಎನ್ನುವ ರೇಸಿನವರು ಇವರು.

ಅವರಿಗಾಗಿ ಜಪಾನಿನ ಶಿಮಾನೋ 1990ರಲ್ಲಿ ಎಸ್‌ಪಿಡಿ ತಂದಿತು. ಅದಕ್ಕೂ ಮೊದಲು ರೇಸ್ ಪೆಡಲ್‌ಗಳನ್ನು ಲುಕ್‌ನಿಂದಲೇ ಪರವಾನಗಿ ಪಡೆದು ಮಾಡುತ್ತಿದ್ದ ಕಂಪನಿ ಇದು. ಎಸ್‌ಪಿಡಿಯ ಪೆಡಲ್ ಎಲ್ಲರಿಗೂ ಕಾಣಿಸುತ್ತದೆ. ನನ್ನ ಪ್ರಕಾರ ಅದರ ಜಾಣತನ ಇರುವುದು ಶೂನಲ್ಲಿ. ಕ್ಲೀಟನ್ನು ಹೆಬ್ಬೆರಳಿನಷ್ಟು ಚಿಕ್ಕ ಉಕ್ಕಿನ ತುಂಡಾಗಿಸಿ, ಎರಡೇ ಬೋಲ್ಟ್‌ನಲ್ಲಿ ಬಿಗಿದು, ರಬ್ಬರ್ ತಳದ ನಡುವಿನ ಗುಳಿಯೊಳಗೆ ಹುದುಗಿಸಿಬಿಟ್ಟರು. ಹೆಜ್ಜೆ ಇಟ್ಟರೆ ನೆಲಕ್ಕೆ ತಾಗುವುದು ರಬ್ಬರ್. ಪೆಡಲ್‌ನ ಎರಡೂ ಮಗ್ಗುಲಲ್ಲಿ ಕೊಂಡಿ, ಹಾಗಾಗಿ ಯಾವ ಬದಿ ಮೇಲಿದೆ ಅಂತ ನೋಡುವ ಗೋಜೂ ಇಲ್ಲ. ಆ ಎರಡು ತೂತಿನ ಲೆಕ್ಕ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ಮುಂದೆ ಟೈಮ್, ಕ್ರ್ಯಾಂಕ್ ಬ್ರದರ್ಸ್ ಮೌಂಟನ್ ಪೆಡಲ್‌ಗಳ ಕ್ಲೀಟ್‌ಗಳೂ ಅದೇ ತೂತುಗಳಿಗೇ ಹೊಂದಿಕೊಂಡವು. ದಿನಬಳಕೆಯವರನ್ನು ಕೇಳಿ ಯಾರೂ ಇದನ್ನು ಮಾಡಲಿಲ್ಲ. ಗುಡ್ಡ ಹತ್ತುವವರಿಗೆ ಮಾಡಿದ್ದು, ನಮಗೂ ದಕ್ಕಿತು.

ಇದನ್ನೆಲ್ಲ ಓದಿದ ಮೇಲೆ ಶೂ ತರಲು ಹೋದಾಗ ನಾನು ಮೊದಲು ತಿರುಗಿಸಿ ನೋಡಿದ್ದು ತಳವನ್ನು. ಮೂರು ತೂತು ಇದ್ದರೆ ಲುಕ್ ವಂಶ, ವಾಪಸ್ ಇಡು. ಎರಡು ತೂತು, ಸುತ್ತ ಎತ್ತರದ ರಬ್ಬರ್ ಇದ್ದರೆ ಹಾಕಿಕೊಂಡು ಅಂಗಡಿಯಲ್ಲೇ ಹತ್ತು ಹೆಜ್ಜೆ ನಡೆ. ಕ್ಲೀಟ್ ಕೂರಿಸಿದ ಮೇಲೂ ನಡೆದು ನೋಡಬೇಕು, 'ಕಟಕಟ' ಅಂದರೆ ಗುಳಿಯ ಆಳ ಸಾಲದು ಅಂತ. ಕ್ಲೀಟ್‌ನಲ್ಲೂ ಎರಡು ಬಗೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವ ಎಸ್‌ಎಚ್-51 ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್-56 ಗಾಬರಿಯಲ್ಲಿ ಮೇಲಕ್ಕೆ ಜಗ್ಗಿದರೂ ಬಿಡುತ್ತದೆ. ಗಾಬರಿಯಲ್ಲಿ ಮನುಷ್ಯ ಜಗ್ಗುವುದು ಮೇಲಕ್ಕೇ ಅನ್ನುವುದಕ್ಕೆ ನಾನೇ ಸಾಕ್ಷಿ. ಸ್ಪ್ರಿಂಗ್‌ನ ಬಿಗಿಯನ್ನೂ ಅಲೆನ್ ಕೀಯಿಂದ ಪೂರ್ತಿ ಸಡಿಲ ಮಾಡಿಟ್ಟಿದ್ದೇನೆ.

ಇದ್ಯಾವುದೂ ಬೇಡ ಅನ್ನುವವರೂ ಇದ್ದಾರೆ. ಅಮೆರಿಕದ ರಿವೆಂಡೆಲ್ ಸೈಕಲ್ ಕಂಪನಿಯ ಗ್ರಾಂಟ್ ಪೀಟರ್ಸನ್ ಎಷ್ಟೋ ವರ್ಷಗಳಿಂದ ಹೇಳುತ್ತಿರುವುದು, ರೇಸ್ ಓಡದವನಿಗೆ ಅಗಲ ಪೆಡಲ್, ಮಾಮೂಲಿ ಚಪ್ಪಲಿ ಸಾಕು ಅಂತ. ಕಾಲು ಮೇಲೆತ್ತುವಾಗಲೂ ಪೆಡಲ್ ಎಳೆದರೆ ಲಾಭ ಎಂಬ ನಂಬಿಕೆ ಇದೆಯಲ್ಲ, ಅದೂ ಪ್ರಯೋಗದಲ್ಲಿ ಅಷ್ಟಾಗಿ ನಿಂತಿಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೇಕೆಂದೇ ಎಳೆದು ತುಳಿದವರ ಶಕ್ತಿಯ ಖರ್ಚು ಹೆಚ್ಚಾಗಿತ್ತು. ಹಾಗಾದರೆ ನಾನ್ಯಾಕೆ ಬಿಟ್ಟಿಲ್ಲ? ಮಳೆಯಲ್ಲಿ, ಹಂಪ್ ಹಾರುವಾಗ ಕಾಲು ಜಾರುವುದಿಲ್ಲ, ಅಷ್ಟೇ. ಸ್ಪೀಡಿನ ಆಸೆ ಆ ಸಿಗ್ನಲ್‌ನಲ್ಲೇ ಇಳಿದುಹೋಗಿದೆ.

ಈಗ ಹಾಕಿರುವುದು ಒಂದು ಮಗ್ಗುಲು ಎಸ್‌ಪಿಡಿ, ಇನ್ನೊಂದು ಮಗ್ಗುಲು ಚಪ್ಪಟೆ ಇರುವ ಪೆಡಲ್. ಟ್ರಾಫಿಕ್ ಇರುವ ಕಡೆ ಚಪ್ಪಟೆ ಮಗ್ಗುಲು, ಖಾಲಿ ರಸ್ತೆ ಬಂದರೆ 'ಟಕ್'. ಮೊನ್ನೆ ಊರಿಂದ ಬಂದ ಅಪ್ಪ ಸೈಕಲ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪೆಡಲ್ ತಿರುವಿ ನೋಡಿ ಬೆಲೆ ಕೇಳಿದರು. ಅರ್ಧ ಮಾಡಿ ಹೇಳಿದೆ. ಮೂವತ್ತು ವರ್ಷ ರಬ್ಬರ್ ಪೆಡಲ್ ಮೇಲೆ ಹವಾಯಿ ಚಪ್ಪಲಿಯಲ್ಲಿ ಡ್ಯೂಟಿಗೆ ಹೋದ ಮನುಷ್ಯ, "ಕಾಲು ಕಟ್ಟಿಸಿಕೊಳ್ಳೋಕೆ ದುಡ್ಡು ಕೊಟ್ಟು ಬಂದಿದೀಯಲ್ಲೋ" ಅಂದವರೇ ಹತ್ತಿ ಬೀದಿ ಕೊನೆಯವರೆಗೆ ಹೋಗಿ ಬಂದರು. ಚಪ್ಪಟೆ ಮಗ್ಗುಲಲ್ಲೇ.